ಆಟ ಕಟ್ಟುವ ಓದು: ಡಂಡಿಗೆ ಹೊರಡುವ ಮುನ್ನ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಟೇ ನದಿ ಸಮುದ್ರ ಸೇರುವ ಕಡೆ ಡಂಡಿ ಎಂಬ ಊರಿದೆ. ಗೇಮ್ ಡಿಸೈನ್, ಅಂದರೆ ಕಂಪ್ಯೂಟರ್ ಆಟ ಕಟ್ಟುವುದನ್ನು, ಓದಲು ಹೊರಡುವವರು ತಿಳಿದಿರಬೇಕಾದ ಊರು ಅದು. ಜನ ಸುಮಾರು ಒಂದೂವರೆ ಲಕ್ಷ, ಹೆಚ್ಚುಕಡಿಮೆ ನಮ್ಮ ಹಾಸನದಷ್ಟು. ಹತ್ತೊಂಬತ್ತನೇ ಶತಮಾನದಲ್ಲಿ ಬಂಗಾಳದ ಸೆಣಬು ಹಡಗು ತುಂಬಿ ಬಂದು ಇಳಿಯುತ್ತಿದ್ದದ್ದು ಇಲ್ಲಿ. ಅದಕ್ಕೆ ತಿಮಿಂಗಿಲದ ಎಣ್ಣೆ ಹಾಕಿ ಮೆದು ಮಾಡಿ ನೇಯುವ ಗಿರಣಿಗಳಿಂದಲೇ ಊರು ಬೆಳೆಯಿತು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರಿನಲ್ಲಿದ್ದ ಟೈಮೆಕ್ಸ್ ಗಡಿಯಾರದ ಕಾರ್ಖಾನೆ 1982ರಿಂದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆ ಕಂಪ್ಯೂಟರನ್ನು ಜೋಡಿಸತೊಡಗಿತು. ಕಾರ್ಖಾನೆ ಇದ್ದ ಊರಲ್ಲವೇ, ಹುಡುಗರ ಕೈಗೆ ಕಂಪ್ಯೂಟರ್ ಬೇಗ ಬಂತು.

ಟೈಮೆಕ್ಸ್‌ನಲ್ಲಿ ಕೆಲಸಕ್ಕಿದ್ದ ಡೇವಿಡ್ ಜೋನ್ಸ್ ಎಂಬ ತರುಣ ಕೆಲಸ ಬಿಟ್ಟಾಗ ಸಿಕ್ಕ ಪರಿಹಾರದ ಹಣದಲ್ಲಿ ಅಮಿಗಾ ಕಂಪ್ಯೂಟರ್ ಕೊಂಡ. ಸ್ನೇಹಿತರ ಜೊತೆ ಡಿಎಂಎ ಡಿಸೈನ್ ಎಂಬ ಪುಟ್ಟ ಕಂಪನಿ ಕಟ್ಟಿದ. 1991ರಲ್ಲಿ ಅವರು ಲೆಮ್ಮಿಂಗ್ಸ್ ಎಂಬ ಕಂಪ್ಯೂಟರ್ ಆಟ ತಂದರು, 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ. ಅದೇ 1997ರಲ್ಲಿ ಊರಿನ ಅಬರ್‌ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್‌ಗಳಿಗೆಂದೇ ಒಂದು ಪದವಿ ತೆರೆಯಿತು. ಜಗತ್ತಿನಲ್ಲಿ ಇಂಥ ಪದವಿ ಅದೇ ಮೊದಲನೆಯದು ಎಂಬುದು ಆ ವಿಶ್ವವಿದ್ಯಾಲಯದ ಹೆಮ್ಮೆ. ಊರಿನ ಉದ್ಯಮಕ್ಕೆ ಜನ ಬೇಕಿತ್ತು, ಓದು ಅದರ ಹಿಂದೆಯೇ ಬಂತು. ಈ ಹಿನ್ನೆಲೆ ಹೇಳುವುದಕ್ಕೆ ಕಾರಣವಿದೆ. ಗೇಮ್ ಡಿಸೈನ್ ಕೋರ್ಸ್ ಎಲ್ಲಿ ಓದಬೇಕು ಅಂತ ಹುಡುಕುವಾಗ ರ‍್ಯಾಂಕಿಂಗ್ ಪಟ್ಟಿಗಿಂತ ಮೊದಲು ನೋಡಬೇಕಾದ್ದು ಆ ಕಾಲೇಜಿನ ಸುತ್ತ ನಡೆದುಹೋಗುವ ದೂರದಲ್ಲಿ ಆಟ ಮಾಡುವವರು ಎಷ್ಟು ಜನ ಇದ್ದಾರೆ ಎಂಬುದನ್ನು.

ನಮ್ಮಲ್ಲಿ ಮಕ್ಕಳು ಈ ಕೋರ್ಸಿನ ಹೆಸರೆತ್ತಿದ ಕೂಡಲೇ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ: “ಇಡೀ ದಿನ ಮೊಬೈಲಲ್ಲಿ ಆಡೋದು ಸಾಲದು ಅಂತ ಅದನ್ನೇ ಓದ್ತೀಯಾ?” ಪ್ರಶ್ನೆ ನ್ಯಾಯವಾದದ್ದೇ. ಲಕ್ಷಗಟ್ಟಲೆ ಸಾಲ ಮಾಡುವವರು ಏನನ್ನು ಕೊಳ್ಳುತ್ತಿದ್ದೇವೆ ಅಂತ ತಿಳಿದುಕೊಳ್ಳಲೇಬೇಕು. ಆಟ ಆಡುವುದಕ್ಕೂ ಆಟ ಕಟ್ಟುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ಕಂಪ್ಯೂಟರ್ ಬೇಕಾಗಿಲ್ಲ, ಚೌಕಾಬಾರದ ಮಣೆ ಸಾಕು.

ಐದಕ್ಕೈದು, ಇಪ್ಪತ್ತೈದು ಮನೆ. ನಾಲ್ಕು ಕವಡೆ. ಒಂದು ಕವಡೆ ಅಂಗಾತ ಬಿದ್ದರೆ 1, ಎರಡು ಬಿದ್ದರೆ 2, ಮೂರು ಬಿದ್ದರೆ 3, ನಾಲ್ಕೂ ಅಂಗಾತವಾದರೆ ಚೌಕ ಅಂದರೆ 4, ನಾಲ್ಕೂ ಕವುಚಿ ಬಿದ್ದರೆ ಬಾರ ಅಂದರೆ 8. ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಎಸೆತ. ಈಗ ಲೆಕ್ಕ ಹಾಕಿ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂತಿಟ್ಟುಕೊಂಡರೆ ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅದರಲ್ಲಿ 2 ಬೀಳುವುದು ಆರು ಬಗೆಯಲ್ಲಿ, 1 ನಾಲ್ಕು ಬಗೆಯಲ್ಲಿ, 3 ನಾಲ್ಕು ಬಗೆಯಲ್ಲಿ. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಹಾಗಾಗಿ ಎದುರಾಳಿಯ ಕಾಯಿ ನನ್ನ ಕಾಯಿಯಿಂದ ಎರಡು ಮನೆ ಹಿಂದೆ ಕೂತಿದ್ದರೆ ನನಗೆ ಎದೆ ಡವಗುಟ್ಟುತ್ತದೆ, ಎಂಟು ಮನೆ ಹಿಂದಿದ್ದರೆ ಅಷ್ಟು ಹೆದರಿಕೆ ಇರುವುದಿಲ್ಲ. ಈ ಲೆಕ್ಕವನ್ನು ಅಜ್ಜಿ ಎಂದೂ ಕಾಗದದ ಮೇಲೆ ಬರೆದವಳಲ್ಲ, ಆದರೂ ಅವಳ ಬೆರಳಿಗೆ ಅದು ಗೊತ್ತಿತ್ತು. ಕಾಯಿಯನ್ನು ಎಲ್ಲಿ ನಿಲ್ಲಿಸಬಾರದು ಅಂತ ಅವಳು ಹೇಳಿಕೊಡುತ್ತಿದ್ದದ್ದೆಲ್ಲ ಇದೇ.

ಕವಡೆ ತೆಗೆದು ಆರು ಮುಖದ ದಾಳ ಇಟ್ಟುಬಿಡಿ. 1ರಿಂದ 6ರವರೆಗೆ ಎಲ್ಲಕ್ಕೂ ಒಂದೇ ಸಾಧ್ಯತೆ. ಎರಡು ಮನೆಯ ಭಯವೂ ಆರು ಮನೆಯ ಭಯವೂ ಒಂದೇ ಆಗಿಬಿಡುತ್ತದೆ. ಕವಡೆಯಲ್ಲಿ ಒಂದು ಎಸೆತಕ್ಕೆ ಸರಾಸರಿ 2.5 ಮನೆ, ದಾಳದಲ್ಲಿ 3.5. ಹೊರಸುತ್ತು, ಒಳಸುತ್ತು ಮುಗಿಸಿ ಕಾಯಿ ಹಣ್ಣಾಗಲು 24 ಮನೆ ನಡೆಯಬೇಕು. ಹೆಚ್ಚುವರಿ ಎಸೆತ, ಹೊಡೆತಗಳನ್ನು ಬಿಟ್ಟು ನೋಡಿದರೆ ಕವಡೆಯಲ್ಲಿ ಸುಮಾರು ಹತ್ತು ಎಸೆತ ಬೇಕಿದ್ದದ್ದು ದಾಳದಲ್ಲಿ ಏಳಕ್ಕೆ ಮುಗಿಯುತ್ತದೆ. ಮಣೆ ಅದೇ, ಕಾಯಿ ಅದೇ, ಆಟ ಮಾತ್ರ ಬೇರೆ. ಒಂದು ನಿಯಮ ಬದಲಿಸಿದರೆ ಆಡುವವರ ಮನಸ್ಸಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಮೊದಲೇ ಊಹಿಸಿ, ಮಾಡಿ, ಆಡಿಸಿ, ಊಹೆ ತಪ್ಪಾಗಿದ್ದರೆ ತಿದ್ದುವುದು ಗೇಮ್ ಡಿಸೈನರ್ ಕೆಲಸ. ಚಿತ್ರ ಬರೆಯುವವರು ಬೇರೆ, ಕೋಡ್ ಬರೆಯುವವರು ಬೇರೆ. ಸಣ್ಣ ತಂಡಗಳಲ್ಲಿ ಮೂರೂ ಒಬ್ಬರ ತಲೆಗೇ ಬರುವುದುಂಟು.

ಕೋರ್ಸ್ ಹುಡುಕುವವರು ಎಡವುವುದು ಇಲ್ಲೇ. ಹೆಸರಿನಲ್ಲಿ ಗೇಮ್ ಅಂತಿದ್ದರೆ ಎಲ್ಲವೂ ಒಂದೇ ಅಂದುಕೊಳ್ಳುತ್ತಾರೆ. ಅಬರ್‌ಟೇಯಲ್ಲೇ ಕಂಪ್ಯೂಟರ್ ಗೇಮ್ಸ್ ಟೆಕ್ನಾಲಜಿ ಎಂಬುದು ಬಿಎಸ್ಸಿ. ಅದರಲ್ಲಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆ, ಗಣಿತ, ಗ್ರಾಫಿಕ್ಸ್ ಪ್ರೋಗ್ರಾಮಿಂಗ್. ವೆಕ್ಟರ್, ಮ್ಯಾಟ್ರಿಕ್ಸ್ ಕಂಡರೆ ಓಡುವವರಿಗೆ ಅದು ಹೊಂದುವುದಿಲ್ಲ. ಗೇಮ್ ಡಿಸೈನ್ ಅಂಡ್ ಪ್ರೊಡಕ್ಷನ್ ಎಂಬುದು ಬಿಎ. ಅದರಲ್ಲಿ ನಿಯಮ, ಹಂತಗಳ ವಿನ್ಯಾಸ, ಕಥೆ, ತಂಡದ ನಿರ್ವಹಣೆ. ನಮ್ಮಲ್ಲಿ ಬಿಎ ಅಂದರೆ ಮೂಗು ಮುರಿಯುವ ಅಭ್ಯಾಸವಿದೆ, ಈ ವಿಷಯದಲ್ಲಿ ಅದನ್ನು ಬಿಡಬೇಕು. ಪದವಿಯ ಅಕ್ಷರ ನೋಡಿ ಆರಿಸಿಕೊಂಡು, ಕೋಡಿಂಗ್ ಒಲ್ಲದೆ ಟೆಕ್ನಾಲಜಿ ಕೋರ್ಸಿಗೆ ಸೇರಿ ಒದ್ದಾಡಿದವರನ್ನು ನೋಡಿದ್ದೇನೆ. ಪ್ರತಿ ವರ್ಷ ಯಾವ ಯಾವ ವಿಷಯ ಕಲಿಸುತ್ತಾರೆ ಎಂಬ ಪಟ್ಟಿ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಇರುತ್ತದೆ. ಆ ಪಟ್ಟಿಯನ್ನು ಒಂದು ಸಂಜೆ ಕೂತು ಸಾಲುಸಾಲಾಗಿ ಓದಿ. ಏಜೆಂಟ್ ಕೊಡುವ ಬಣ್ಣದ ಬ್ರೋಷರ್ ಆಮೇಲೆ ನೋಡಿದರೂ ಆದೀತು.

ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು. ಒಂದು ವರ್ಷ ಹೆಚ್ಚಾದರೆ ಶುಲ್ಕವೂ ಬಾಡಿಗೆಯೂ ಒಂದು ವರ್ಷದ್ದು ಹೆಚ್ಚು. ನಮ್ಮಲ್ಲಿ ಬಿಇ, ಬಿಡಿಸ್ (ವಿನ್ಯಾಸದ ಪದವಿ), ಬಿಸಿಎ ಮುಗಿಸಿದವರಿಗೆ ಒಂದು ವರ್ಷದ ಸ್ನಾತಕೋತ್ತರ ಕೋರ್ಸುಗಳಿವೆ. ಅಬರ್‌ಟೇಯಲ್ಲಿ ಗೇಮ್ಸ್ ಡೆವಲಪ್‌ಮೆಂಟ್ ಎಂಬ ವೃತ್ತಿಪರ ಮಾಸ್ಟರ್ಸ್ ಇದೆ. ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿ ನನ್ನನ್ನು ಕೇಳಿದರೆ, ಕೈಯಲ್ಲಿ ಧಾರಾಳ ಹಣ ಇಲ್ಲದಿದ್ದರೆ ಮೊದಲ ಪದವಿ ಇಲ್ಲೇ ಮುಗಿಸಲಿ, ಆ ಮೂರು ನಾಲ್ಕು ವರ್ಷದಲ್ಲಿ ಆಟ ಮಾಡುತ್ತಿರಲಿ, ಮಾಸ್ಟರ್ಸ್‌ಗೆ ಹೋಗಲಿ ಅನ್ನುತ್ತೇನೆ. ಎಲ್ಲರೂ ಒಪ್ಪುವುದಿಲ್ಲ, ಹದಿನೆಂಟರ ವಯಸ್ಸಿನಲ್ಲೇ ಹೋದವರಿಗೆ ಸಿಗುವ ಒಡನಾಟ ಬೇರೆ ಎನ್ನುವವರಿದ್ದಾರೆ. ಅದೂ ನಿಜ. ಆದರೆ ಸಾಲದ ಕಂತು ಎರಡೂ ಕಡೆಯವರಿಗೂ ಒಂದೇ ತಾರೀಖಿಗೆ ಬರುತ್ತದೆ.

ಇನ್ನು ತರಗತಿಯೊಳಗೆ ಏನು ನಡೆಯುತ್ತದೆ? ಉಪನ್ಯಾಸ, ಟಿಪ್ಪಣಿ, ಕೊನೆಗೊಂದು ಪರೀಕ್ಷೆ ಎಂಬ ನಮ್ಮ ಕ್ರಮ ಅಲ್ಲಿ ಕಡಿಮೆ. ಹೆಚ್ಚಿನ ಅಂಕ ಬರುವುದು ಮಾಡಿದ ಕೆಲಸಕ್ಕೆ ಮತ್ತು ಅದನ್ನು ಯಾಕೆ ಹಾಗೆ ಮಾಡಿದಿರಿ ಎಂಬ ಬರಹಕ್ಕೆ. ಅನ್‌ರಿಯಲ್ ಅಥವಾ ಯೂನಿಟಿ ಎಂಬ ಎಂಜಿನ್‌ನಲ್ಲಿ, ಅಂದರೆ ಆಟ ಕಟ್ಟುವ ತಂತ್ರಾಂಶದಲ್ಲಿ, ಬಣ್ಣವಿಲ್ಲದ ಬರೀ ಬೂದು ಪೆಟ್ಟಿಗೆಗಳನ್ನು ಜೋಡಿಸಿ ಒಂದು ಹಂತ ಕಟ್ಟುತ್ತೀರಿ. ಅದಕ್ಕೆ ಗ್ರೇಬಾಕ್ಸ್ ಅನ್ನುತ್ತಾರೆ. ಗೋಡೆಗೆ ಇಟ್ಟಿಗೆ, ನೆಲಕ್ಕೆ ಹುಲ್ಲು ಹಾಕುವ ಮೊದಲು ಆ ಪೆಟ್ಟಿಗೆಗಳ ನಡುವೆ ಓಡಾಡುವುದು ಖುಷಿ ಕೊಡುತ್ತದೆಯೇ ಅಂತ ನೋಡುವುದು. ಆಮೇಲೆ ಬರುತ್ತದೆ ಪ್ಲೇಟೆಸ್ಟ್.

ಪ್ಲೇಟೆಸ್ಟ್ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಆಟವನ್ನು ಎಂದೂ ನೋಡಿರದ ಒಬ್ಬರನ್ನು ಕರೆದು ಕೂರಿಸುತ್ತೀರಿ. ನೀವು ಹಿಂದೆ ನಿಂತಿರುತ್ತೀರಿ. ಮಾತಾಡುವ ಹಾಗಿಲ್ಲ. ಬಾಗಿಲು ಎಡಕ್ಕಿದೆ. ಅವರು ಬಲಕ್ಕೆ ಹೋಗುತ್ತಾರೆ. ಗೋಡೆಗೆ ಡಿಕ್ಕಿ ಹೊಡೆದು ಹಿಂದಿರುಗುತ್ತಾರೆ, ಮತ್ತೆ ಬಲಕ್ಕೇ ಹೋಗುತ್ತಾರೆ. “ಎಡಕ್ಕೆ, ಎಡಕ್ಕೆ” ಅಂತ ನಿಮ್ಮ ಗಂಟಲವರೆಗೆ ಬಂದಿರುತ್ತದೆ. ಹೇಳಬಾರದು, ಯಾಕೆಂದರೆ ನಾಳೆ ಆಟ ಕೊಂಡವರ ಮನೆಯಲ್ಲಿ ನೀವು ಅವರ ಬೆನ್ನ ಹಿಂದೆ ನಿಂತಿರುವುದಿಲ್ಲ. ವಹಿಯಲ್ಲಿ ಬರೆದುಕೊಳ್ಳುತ್ತೀರಿ: ಬಾಗಿಲು ಕಾಣಲಿಲ್ಲ, 40 ಸೆಕೆಂಡ್. ರಾತ್ರಿ ಕೂತು ಬಾಗಿಲಿನ ಮೇಲೊಂದು ದೀಪ ಇಡುತ್ತೀರಿ. ಮರುದಿನ ಬೇರೊಬ್ಬರು ಬಂದು ನೇರ ಎಡಕ್ಕೆ ನಡೆಯುತ್ತಾರೆ. ಮೂರು ಅಥವಾ ನಾಲ್ಕು ವರ್ಷ ಇದನ್ನೇ ನೂರಾರು ಸಲ ಮಾಡುವುದು ಈ ಓದಿನ ತಿರುಳು. ನಾನು ಮಾಡಿದ್ದು ಸರಿ, ಆಡುವವರು ದಡ್ಡರು ಎಂಬ ಅಹಂಕಾರ ಮೊದಲ ತಿಂಗಳಲ್ಲೇ ಕರಗಬೇಕು.

ಡಂಡಿಯಲ್ಲಿ ಹುಟ್ಟಿದ ಆ ಪ್ರಸಿದ್ಧ ಆಟದ ಕಥೆಯೂ ಹೀಗೇ. ಗ್ರ್ಯಾಂಡ್ ಥೆಫ್ಟ್ ಆಟೋ ಶುರುವಿನಲ್ಲಿ ರೇಸ್ ಎನ್ ಚೇಸ್ ಎಂಬ ಹೆಸರಿನ, ಪೊಲೀಸರೂ ಕಳ್ಳರೂ ಓಡಾಡುವ ಆಟವಾಗಿತ್ತು, ಆಡಿದವರಿಗೆ ಸಪ್ಪೆ ಅನ್ನಿಸುತ್ತಿತ್ತು. ಕೋಡಿನ ಒಂದು ದೋಷದಿಂದ ಪೊಲೀಸ್ ಕಾರುಗಳು ಹುಚ್ಚೆದ್ದಂತೆ ಆಟಗಾರನ ಕಾರಿಗೆ ಬಂದು ಗುದ್ದತೊಡಗಿದವು. ಪರೀಕ್ಷಿಸುತ್ತಿದ್ದವರಿಗೆ ಅದೇ ರುಚಿಸಿತು. ತಂಡ ಆ ದೋಷವನ್ನು ತೆಗೆದುಹಾಕದೆ ಆಟವನ್ನೇ ಅದರ ಸುತ್ತ ತಿರುಗಿಸಿತು. ಆಡುವವರ ಮುಖ ನೋಡುತ್ತ ಕೂರದಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಗುಂಪು ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಅಂದರೆ ನಾಲ್ವರ ಹೆಸರು, ಒಬ್ಬನ ದುಡಿಮೆ. ಅಲ್ಲಿ ಯಾರು ಯಾವ ದಿನ ಏನು ಸೇರಿಸಿದರು ಎಂಬುದು ಗಿಟ್ ಅಥವಾ ಪರ್ಫೋರ್ಸ್ ಎಂಬ, ಪ್ರತಿ ಬದಲಾವಣೆಯ ಲೆಕ್ಕ ಇಡುವ ತಂತ್ರಾಂಶದಲ್ಲಿ ದಾಖಲಾಗಿರುತ್ತದೆ, ಮುಚ್ಚಿಡಲು ಬರುವುದಿಲ್ಲ. ಕಲಾವಿದರು, ಪ್ರೋಗ್ರಾಮರ್‌ಗಳು, ಧ್ವನಿ ಮಾಡುವವರು, ಡಿಸೈನರ್‌ಗಳು ಒಂದೇ ತಂಡದಲ್ಲಿ ಕೂತು, ಜಗಳವಾಡಿ, ಒಂದು ದಿನಾಂಕಕ್ಕೆ ಮುಗಿಸಬೇಕು. ಮೂರನೇ ವರ್ಷದ ತಂಡಗಳಿಗೆ ಹೊರಗಿನ ಕಂಪನಿಗಳಿಂದಲೇ ಕೆಲಸ ಬರುವ ಏರ್ಪಾಟು ಅಬರ್‌ಟೇಯಲ್ಲಿದೆ. ಮನೆಯಲ್ಲಿ ಕೂತು ಯೂಟ್ಯೂಬ್ ನೋಡಿ ಎಂಜಿನ್ ಕಲಿಯಬಹುದು, 3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ ಕಲಿಯಬಹುದು, ಎಲ್ಲವೂ ಬಿಟ್ಟಿ ಸಿಗುತ್ತದೆ. ಸಿಗದೇ ಇರುವುದು ನಿಮ್ಮ ಹಾಗೇ ಹುಚ್ಚು ಹಿಡಿದ ಐದಾರು ಜನರ ತಂಡ. ನನ್ನ ಮಟ್ಟಿಗೆ ಆ ಶುಲ್ಕದಲ್ಲಿ ನಿಜವಾಗಿ ಕೊಳ್ಳುತ್ತಿರುವುದು ಅದನ್ನೇ.

ಹಾಗಾಗಿ ಮಾತು ಬೇಕು. ಪಠ್ಯದ ಇಂಗ್ಲಿಷ್ ಬಂದರೆ ಸಾಲದು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದವರೂ ಡಂಡಿಯ ಬೇಕರಿಯಲ್ಲಿ ಮೊದಲ ದಿನ ಕಕ್ಕಾಬಿಕ್ಕಿಯಾಗುತ್ತಾರೆ. ಅಲ್ಲಿನ ಬಾಯಲ್ಲಿ ಪೈ ಎಂಬುದು ‘ಪೆ’ ಆಗುತ್ತದೆ. ಸಂಕೋಚ ಬಿಟ್ಟು “ಇನ್ನೊಂದು ಸಲ ಹೇಳಿ” ಅನ್ನುವುದನ್ನು ರೂಢಿ ಮಾಡಿಕೊಳ್ಳಬೇಕು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕೋಣೆಯಲ್ಲಿ ಒಬ್ಬರೇ ಕೂತು ಸ್ಕ್ರೀನ್ ನೋಡುವ ಓದು ಇದು, ಕತ್ತಲು ಮನಸ್ಸಿಗೂ ಇಳಿಯುತ್ತದೆ. ಹೊರಗೆ ಬೆಳಕಿರುವಾಗ ನಡೆದು ಬರುವುದು, ಜೊತೆಯವರನ್ನು ಕರೆದು ಅನ್ನ ಸಾರು ಮಾಡಿ ಹಾಕುವುದು ಓದಿನಷ್ಟೇ ಮುಖ್ಯ.

ಈಗ ವೀಸಾ ಮತ್ತು ಹಣ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಗೆ ಒಟ್ಟು 70 ಅಂಕ ಬೇಕು. ವಿಶ್ವವಿದ್ಯಾಲಯ ಕೊಡುವ ಕ್ಯಾಸ್ ಎಂಬ ಪ್ರವೇಶ ದೃಢೀಕರಣಕ್ಕೆ 50, ಹಣಕ್ಕೆ 10, ಇಂಗ್ಲಿಷಿಗೆ 10. ಅರ್ಜಿ ತಿರಸ್ಕಾರವಾಗುವುದಕ್ಕೆ ದೊಡ್ಡ ಕಾರಣ ಹಣದ ಆ ಹತ್ತು ಅಂಕ. ಮೊದಲ ವರ್ಷದ ಬಾಕಿ ಶುಲ್ಕದ ಜೊತೆಗೆ ಜೀವನ ವೆಚ್ಚ ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್ನಿನ ಹೊರಗೆ ಅದು ತಿಂಗಳಿಗೆ 1,171 ಪೌಂಡ್, ಒಂಬತ್ತು ತಿಂಗಳಿಗೆ 10,539 ಪೌಂಡ್. ಈ ಮೊತ್ತ ಖಾತೆಯಲ್ಲಿ 28 ದಿನ ಎಡೆಬಿಡದೆ ಇರಬೇಕು. ಒಂದು ದಿನ ಒಂದು ಪೌಂಡ್ ಕೆಳಗಿಳಿದರೂ ಆ 28 ದಿನ ಮೊದಲಿನಿಂದ ಎಣಿಸಬೇಕು. ಖಾತೆ ವಿದ್ಯಾರ್ಥಿಯದೋ ತಂದೆತಾಯಿಯದೋ ಕಾನೂನುಬದ್ಧ ಪೋಷಕರದೋ ಆಗಿರಬೇಕು. ಚಿಕ್ಕಪ್ಪ ಎಷ್ಟೇ ಪ್ರೀತಿಯಿಂದ ತಮ್ಮ ಪಾಸ್‌ಬುಕ್ ಮುಂದಿಟ್ಟರೂ ನಡೆಯುವುದಿಲ್ಲ. ಷೇರು, ಪಿಎಫ್, ಸೈಟಿನ ಕ್ರಯಪತ್ರ ಯಾವುದೂ ಲೆಕ್ಕಕ್ಕಿಲ್ಲ. ಭಾರತದಿಂದ ಹೋಗುವವರು ಕ್ಷಯರೋಗದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತೆಗೆದುಕೊಳ್ಳಬೇಕು.

ಜನ ಮರೆಯುವ ಇನ್ನೊಂದು ಖರ್ಚು ಆರೋಗ್ಯ ಸರ್‌ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹಣ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಅದೂ ವೀಸಾದ ಇಡೀ ಅವಧಿಗೆ ಮುಂಗಡವಾಗಿ. ವೀಸಾ ಅವಧಿ ಕೋರ್ಸಿಗಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ಒಂದು ವರ್ಷದ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 1,164 ಪೌಂಡ್ ಆಗುತ್ತದೆ, ನಾಲ್ಕು ವರ್ಷದ ಪದವಿಗೆ ಮೂರು ಸಾವಿರ ದಾಟುತ್ತದೆ. ಇವೆಲ್ಲ ಆಗಾಗ ಬದಲಾಗುವ ಅಂಕಿಗಳು. ಅರ್ಜಿ ಹಾಕುವ ವಾರ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ನೀವೇ ನೋಡಿ, ಇನ್ನೊಬ್ಬರ ಬಾಯಿಮಾತು ನೆಚ್ಚಬೇಡಿ.

ಗೇಮ್ ಓದುವವರಿಗೆ ಹೆಚ್ಚು ಕಚ್ಚುವ ಒಂದು ನಿಯಮವಿದೆ, ಇದನ್ನು ಏಜೆಂಟರು ಹೇಳುವುದು ಅಪರೂಪ. ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ಸ್ವಂತ ವ್ಯಾಪಾರ, ಸ್ವಯಂ ಉದ್ಯೋಗ ಮಾಡುವಂತಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಬಳ ತೆಗೆದುಕೊಳ್ಳಬಹುದು. ತಂಡದ ಗೆಳೆಯರೊಡನೆ ಮಾಡಿದ ಆಟವನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬೆಲೆ ಹಾಕಿ ಮಾರಿದರೆ ಅದು ಸ್ವಯಂ ಉದ್ಯೋಗದ ಲೆಕ್ಕಕ್ಕೆ ಬಂದು ವೀಸಾಕ್ಕೇ ಕುತ್ತು ತರಬಹುದು. ಅಲ್ಲಿನವರೇ ಆದ ಸಹಪಾಠಿಗಳಿಗೆ ಈ ಕಟ್ಟಳೆ ಇಲ್ಲ. ಅವರು ಕಂಪನಿ ನೋಂದಾಯಿಸೋಣ ಬಾ ಅಂತ ಉತ್ಸಾಹದಲ್ಲಿ ಕರೆಯುತ್ತಾರೆ, ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿ. ದುಡ್ಡು ತೆಗೆದುಕೊಳ್ಳುವ ಪ್ರತಿಯೊಂದಕ್ಕೂ, ಬಿಡಿ ಕೆಲಸಕ್ಕೂ ಕಾಣಿಕೆಗೂ, ಇದೇ ಎಚ್ಚರ ಬೇಕು.

ಓದು ಮುಗಿದ ಮೇಲೆ ಅಲ್ಲೇ ಉಳಿದು ದುಡಿಯಲು ಗ್ರಾಜುಯೇಟ್ ವೀಸಾ. ಅದರಲ್ಲಿ ಸ್ವಯಂ ಉದ್ಯೋಗಕ್ಕೂ ಅವಕಾಶವಿದೆ. ಅವಧಿ ಎರಡು ವರ್ಷ ಇದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಅಷ್ಟರೊಳಗೆ ನುರಿತ ಕೆಲಸಗಾರರ ವೀಸಾ ಪ್ರಾಯೋಜಿಸುವ ಪರವಾನಗಿ ಇರುವ ಸ್ಟುಡಿಯೋದಲ್ಲಿ ಕೆಲಸ ಸಿಗಬೇಕು. 2025ರ ಜುಲೈ ನಂತರ ಆ ವೀಸಾಗೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ ರಿಯಾಯಿತಿಯಲ್ಲಿ 33,400. ಆಟದ ಉದ್ಯಮದಲ್ಲಿ ಮೊದಲ ಕೆಲಸಕ್ಕೆ ಬಹಳ ಕಡೆ ಅಷ್ಟು ಕೊಡುವುದಿಲ್ಲ. ಪುಟ್ಟ ಸ್ಟುಡಿಯೋಗಳು ಪರವಾನಗಿಯ ಗೋಜಿಗೇ ಹೋಗುವುದಿಲ್ಲ. ಜೊತೆಗೆ 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಈ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಹತ್ತು ವರ್ಷ ಅನುಭವ ಇರುವವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ಅಲ್ಲೇ ನೆಲೆಯೂರಿ ಸಾಲ ತೀರಿಸುತ್ತೇನೆ ಎಂಬ ಒಂದೇ ಲೆಕ್ಕದ ಮೇಲೆ ಹೊರಡುವುದು ಅಪಾಯ. ವಾಪಸು ಬಂದು ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತದೆಯೇ ಅಂತ ಕಾಗದದ ಮೇಲೆ ಬರೆದು ನೋಡಿ, ಆಗುವುದಾದರೆ ಹೊರಡಿ.

ವಾಪಸು ಬರುವುದು ಸೋಲಲ್ಲ. ಡಂಡಿಗೂ ಬೆಂಗಳೂರಿಗೂ ನೇರ ನಂಟೇ ಇದೆ. ಡಿಎಂಎ ಡಿಸೈನ್ ಮುಂದೆ ಕೈ ಬದಲಾಗಿ ಎಡಿನ್‌ಬರೋದ ರಾಕ್‌ಸ್ಟಾರ್ ನಾರ್ತ್ ಆಯಿತು. ಅಬರ್‌ಟೇ ಪದವಿ ಶುರುವಾದ ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಕಟ್ಟಿದ್ದರು, ಭಾರತದಲ್ಲಿ ಆಟ ತಯಾರಿಕೆಗೆ ಇಳಿದ ಮೊದಲ ಕಂಪನಿಗಳಲ್ಲಿ ಅದೊಂದು. 2019ರಲ್ಲಿ ರಾಕ್‌ಸ್ಟಾರ್ ಆ ಧ್ರುವವನ್ನು ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೋಗೆ ಸೇರಿಸಿಕೊಂಡಿತು. ಇಲ್ಲೇ ಓದುವ ದಾರಿಯೂ ಇದೆ: ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲಿ ಎಂಡಿಸ್ ಎಂಬ ಸ್ನಾತಕೋತ್ತರ ಪದವಿ ಇದೆ. ಸೀಟು ಕಡಿಮೆ, ಪೈಪೋಟಿ ಜೋರು, ಆದರೂ ವಿದೇಶಕ್ಕೆ ಅರ್ಜಿ ಹಾಕುವವರು ಇದಕ್ಕೂ ಹಾಕಿಡುವುದು ಒಳ್ಳೆಯದು.

ಎಲ್ಲಿಗೇ ಹಾಕಿ, ಸಾಮಾನ್ಯವಾಗಿ ಕೇಳುವುದು ಪೋರ್ಟ್‌ಫೋಲಿಯೋ, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹ. ಇದರಲ್ಲಿ ನಮ್ಮ ಮಕ್ಕಳು ಮಾಡುವ ತಪ್ಪು ಒಂದೇ ಥರದ್ದು: ನಲವತ್ತು ಪುಟದ ಕಥೆ, ಹನ್ನೆರಡು ಲೋಕ, ಐವತ್ತು ಆಯುಧ, ಆಡಲು ಮಾತ್ರ ಏನೂ ಇಲ್ಲ. ಆಯ್ಕೆ ಮಾಡುವವರಿಗೆ ಬೇಕಿರುವುದು ಮುಗಿದ ಒಂದು ಸಣ್ಣ ಆಟ. ಐದು ನಿಮಿಷದ್ದಾದರೂ ಸರಿ, ಶುರು ಇರಬೇಕು, ಕೊನೆ ಇರಬೇಕು, ನಡುವೆ ಎಡವಿದ್ದನ್ನು ಹೇಗೆ ತಿದ್ದಿದಿರಿ ಎಂಬ ವಿವರ ಇರಬೇಕು. ಅಂಥ ಒಂದು ಆಟವನ್ನೂ ಮುಗಿಸದೆ ಅರ್ಜಿ ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮುಗಿಸುವ ಹೊತ್ತಿಗೆ ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗಿರುತ್ತದೆ, ಸಾಲ ಮಾಡುವ ಮೊದಲೇ.

ಏನು ಮಾಡಬೇಕು ಅಂತ ತೋಚದವರು ಚೌಕಾಬಾರದಿಂದಲೇ ಶುರು ಮಾಡಿ. ಗೊಡೊಟ್ ಎಂಬ ಎಂಜಿನ್ ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅದರ ನಾಲ್ಕನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳು ಒಡೆಯದೆ ಸರಿಯಾಗಿ ಕೂಡುತ್ತವೆ, ಎಲ್ಲ ಎಂಜಿನ್‌ಗಳಲ್ಲಿ ಹಾಗಾಗುವುದಿಲ್ಲ. ಇಪ್ಪತ್ತೈದು ಮನೆ ಬರೆಯಿರಿ, ಕವಡೆ ಎಸೆಯುವುದನ್ನು ಕೋಡ್ ಮಾಡಿ. ಕಾಯಿ ಹೊಡೆದಾಗ ಯಾವ ಸದ್ದು ಬಂದರೆ ಹೊಡೆದವರಿಗೆ ಹಿಗ್ಗು, ಹೊಡೆಸಿಕೊಂಡವರಿಗೆ ಕಿಚ್ಚು ಅಂತ ಹತ್ತು ಸದ್ದು ಹಾಕಿ ನೋಡಿ. ಆಮೇಲೆ ಫೋನಿಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟು ಹಿಂದೆ ನಿಂತುಕೊಳ್ಳಿ. ಏನೂ ಹೇಳಬೇಡಿ, ಅವಳ ಬೆರಳು ಎಲ್ಲಿ ತಡವರಿಸುತ್ತದೆ ಅಂತ ಬರೆದುಕೊಳ್ಳಿ.